ಜಂಬದ ಚೀಲಕ್ಕೆ ಎಷ್ಟು ಕೊಡುತ್ತೀರಿ?

(ಹೋದ ತಿಂಗಳು ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ಒಂದು ಸಂಜೆ ಆಡಿದ ಮಾತುಗಳಿವು. ಅವತ್ತು ಮಳೆ ಹಿಡಿದಿದ್ದರಿಂದ ಬರಲಾಗದವರು ಬರೆದುಕೊಡಿ ಎಂದರು. ಆಡಿದ್ದನ್ನೇ ಸ್ವಲ್ಪ ಓರಣ ಮಾಡಿದ್ದೇನೆ, ಅಷ್ಟೆ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷ ಕಾಮರ್ಸ್ ಪಾಠ ಮಾಡಿದವಳು. ಸಂಘದವರು ಮನೆಗೆ ಬಂದು ‘ಮೇಡಂ, ಉಳಿತಾಯದ ಬಗ್ಗೆ ಮಾತಾಡಿ’ ಅಂದರು. ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಟ್ಟು ಮಕ್ಕಳ ಫೀಸು ಕಟ್ಟಿದವರು ಇಲ್ಲಿ ಕೂತಿದ್ದೀರಿ. ನಿಮಗೆ ಉಳಿತಾಯದ ಪಾಠ ಹೇಳುವಷ್ಟು ಧೈರ್ಯ ನನಗಿಲ್ಲ. ಅದಕ್ಕೇ ಖರ್ಚಿನ ಬಗ್ಗೆ ಮಾತಾಡುತ್ತೇನೆ ಅಂದೆ. ಅದೂ ಒಂದೇ ಒಂದು ಖರ್ಚು. ಈಗ ನಿಮ್ಮೆಲ್ಲರ ತೊಡೆಯ ಮೇಲೆ ಕೂತಿದೆಯಲ್ಲ, ಅದು.

ಸ್ವಲ್ಪ ಕೈ ಎತ್ತಿ ನೋಡೋಣ. ನಿಮ್ಮ ಬ್ಯಾಗು 500 ರೂಪಾಯಿ ಒಳಗಿನದಾ? (ಅರ್ಧ ಸಭೆ ಕೈ ಎತ್ತಿತು.) 2 ಸಾವಿರದ ಒಳಗೆ? (ಹತ್ತು ಹನ್ನೆರಡು ಕೈ.) 5 ಸಾವಿರದ ಮೇಲೆ? (ಒಂದೂ ಇಲ್ಲ. ಆದರೆ ಹಿಂದಿನ ಸಾಲಿನಲ್ಲಿ ಒಬ್ಬರು ತಮ್ಮ ಬ್ಯಾಗನ್ನು ಮೆಲ್ಲಗೆ ಸೆರಗಿನ ಕೆಳಗೆ ಸರಿಸಿದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ.)

ನಾವು ಚಿಕ್ಕವರಿದ್ದಾಗ ಇದನ್ನು ವ್ಯಾನಿಟಿ ಬ್ಯಾಗ್ ಅನ್ನುತ್ತಿದ್ದರು. ಈಗಲೂ ಹಳ್ಳಿ ಕಡೆ ಅದೇ ಹೆಸರು. ಇಂಗ್ಲಿಷಿನ ಆ ಮಾತಿಗೆ ಒಣ ಜಂಬ ಅಂತ ಅರ್ಥ. ಯಾರೋ ಪುಣ್ಯಾತ್ಮರು ಅದನ್ನು ಕನ್ನಡಕ್ಕೆ ತಂದು ‘ಜಂಬದ ಚೀಲ’ ಮಾಡಿದರು. ಇಂಗ್ಲಿಷಿನಲ್ಲಿ ಮುಚ್ಚಿಕೊಂಡಿದ್ದ ಗುಟ್ಟನ್ನು ಕನ್ನಡ ಬಯಲು ಮಾಡಿಬಿಟ್ಟಿತು, ಅಲ್ವಾ?

ಈಗ ಒಂದು ಲೆಕ್ಕ ಕೇಳಿ. 2025ರ ಜುಲೈ 10ರಂದು ಪ್ಯಾರಿಸ್‌ನಲ್ಲಿ ಸೋದಬೀಸ್ ಅನ್ನುವ ಹರಾಜು ಸಂಸ್ಥೆ ಒಂದು ಬ್ಯಾಗನ್ನು ಹರಾಜಿಗೆ ಇಟ್ಟಿತು. ಕಪ್ಪು ಚರ್ಮದ ಬ್ಯಾಗು. ಹಳೆಯದು. ಅಂಚೆಲ್ಲ ಸವೆದಿದೆ, ಮೈಮೇಲೆ ಗೀರು ಬಿದ್ದಿದೆ, ಯಾವುದೋ ಕಾಲಕ್ಕೆ ಅಂಟಿಸಿದ್ದ ಸ್ಟಿಕ್ಕರ್‌ಗಳ ಕಲೆ ಇದೆ. ಹಿಡಿಯ ಹತ್ತಿರ ಒಂದು ನೇಲ್ ಕಟ್ಟರ್ ನೇತಾಡುತ್ತಿದೆ. ನಮ್ಮ ಮನೆಯಲ್ಲಿ ಇದ್ದಿದ್ದರೆ ಕೆಲಸದವಳಿಗೆ ಕೊಡುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದೆವು. ಸವಾಲು ಶುರುವಾಗಿದ್ದೇ 10 ಲಕ್ಷ ಯೂರೋದಿಂದ. ಸುಮಾರು ಹತ್ತು ನಿಮಿಷದಲ್ಲಿ ಮುಗಿಯಿತು. ಹರಾಜಿನವರ ಕಮಿಷನ್ ಸೇರಿ 86 ಲಕ್ಷ ಯೂರೋದಷ್ಟಾಯಿತು. ನಮ್ಮ ದುಡ್ಡಿನಲ್ಲಿ 86 ಕೋಟಿ ಹತ್ತಿರ. ಕೊಂಡವರು ಜಪಾನಿನವರು.

ಅದಕ್ಕೆ ಮುಂಚೆ ಹರಾಜಿನಲ್ಲಿ ಹೆಸರು ಮಾಡಿದ್ದ ಬ್ಯಾಗು ಅಂದರೆ 2021ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹೋದದ್ದು. ಮೊಸಳೆ ಚರ್ಮ, ಹಿಮಾಲಯದ ಬಣ್ಣ, ಬಿಳಿ ಚಿನ್ನ, ವಜ್ರ, ಎಲ್ಲ ಇದ್ದ ಬ್ಯಾಗು. ಅದು 5 ಲಕ್ಷ ಡಾಲರ್ ದಾಟಿದ್ದೇ ಆಗ ದೊಡ್ಡ ಸುದ್ದಿ. ವಜ್ರದ ಬ್ಯಾಗಿಗೆ 5 ಲಕ್ಷ. ಗೀರು ಬಿದ್ದ ಹಳೇ ಬ್ಯಾಗಿಗೆ ಆ 86 ಲಕ್ಷ ಯೂರೋ, ಅಂದರೆ ಒಂದು ಕೋಟಿ ಡಾಲರ್. ನನಗೆ ಹಿಡಿಸಿದ್ದು ಈ ಎರಡರ ನಡುವಿನ ವ್ಯತ್ಯಾಸ. ವಜ್ರ ತೆಗೆದು ನೇಲ್ ಕಟ್ಟರ್ ಹಾಕಿದರೆ ಬೆಲೆ ಇಪ್ಪತ್ತು ಪಟ್ಟು ಏರುತ್ತದೆ ಅಂದರೆ, ಅಲ್ಲಿ ಮಾರಾಟ ಆಗುತ್ತಿರುವುದು ಏನು?

ಆ ಹಳೇ ಬ್ಯಾಗು ಜೇನ್ ಬರ್ಕಿನ್ ಅವರದು. ಇಂಗ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರು ಮಾಡಿದ ನಟಿ, ಗಾಯಕಿ. 2023ರಲ್ಲಿ ತೀರಿಕೊಂಡರು. ಅವರು ಎಲ್ಲಿಗೆ ಹೋದರೂ ಒಂದು ಬೆತ್ತದ ಬುಟ್ಟಿ ಹಿಡಿದುಕೊಂಡು ಹೋಗುತ್ತಿದ್ದರಂತೆ, ನಮ್ಮಲ್ಲಿ ಹೂವಿನವರು ಹಿಡಿಯುವಂಥದ್ದು. 1980ರ ದಶಕದ ಶುರುವಿನಲ್ಲಿ ಪ್ಯಾರಿಸ್‌ನಿಂದ ಲಂಡನ್‌ಗೆ ವಿಮಾನದಲ್ಲಿ ಹೋಗುವಾಗ ಸಾಮಾನೆಲ್ಲ ಚೆಲ್ಲಾಪಿಲ್ಲಿ ಆಯಿತು. ಪಕ್ಕದಲ್ಲಿ ಕೂತಿದ್ದವರು ಜೇಬು ಇರುವ ಬ್ಯಾಗ್ ಇಟ್ಟುಕೊಳ್ಳಬಾರದೇ ಅಂದರು. ಫ್ರಾನ್ಸಿನ ಎರ್ಮೆಸ್ ಕಂಪನಿಯವರು ಅಂಥದ್ದು ಮಾಡಿದ ದಿನ ಇಟ್ಟುಕೊಳ್ಳುತ್ತೇನೆ ಅಂದರು ಈಕೆ. ಆತನೇ ಆ ಕಂಪನಿಯ ಮುಖ್ಯಸ್ಥ, ಜಾನ್ ಲೂಯಿ ದ್ಯುಮಾ. ಎಂಥ ಬ್ಯಾಗು ಬೇಕು ಅಂತ ಅಲ್ಲೇ ಚಿತ್ರ ಬರೆದು ತೋರಿಸಿದರು. ಯಾವುದರ ಮೇಲೆ ಅಂತೀರಿ? ಸೀಟಿನ ಜೇಬಿನಲ್ಲಿ ಇಟ್ಟಿರುತ್ತಾರಲ್ಲ, ವಾಂತಿ ಮಾಡುವ ಕವರ್, ಅದರ ಮೇಲೆ. ಮುಂದೆ 86 ಕೋಟಿ ಮುಟ್ಟಿದ ವಸ್ತು ಹುಟ್ಟಿದ್ದು ವಾಂತಿ ಚೀಲದ ಮೇಲೆ.

ಆಕೆಗೆ ಬೇಕಾಗಿದ್ದು ಏನು ನೋಡಿ. ತೆರೆದರೆ ಒಳಗಿನದು ಕಾಣಬೇಕು, ಒಂದಷ್ಟು ಜೇಬು ಇರಬೇಕು, ಮಗುವಿನ ಸಾಮಾನು ಹಿಡಿಸಬೇಕು. ನನ್ನ ಅಜ್ಜಿಯ ಎಲೆಯಡಿಕೆ ಸಂಚಿ ನೆನಪಾಯಿತು. ದಾರ ಎಳೆದರೆ ಬಾಯಿ ಮುಚ್ಚುವಂಥದ್ದು. ಒಂದು ಪದರದಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ. ಎಲ್ಲಕ್ಕಿಂತ ಒಳಗೆ ಯಾರಿಗೂ ಗೊತ್ತಿಲ್ಲದ ಒಂದು ಸಣ್ಣ ಜೇಬು. ಅದರಲ್ಲಿ ಚಿಲ್ಲರೆ. ಆ ಜೇಬಿಗೆ ಕೈ ಹಾಕುವ ಹಕ್ಕು ಮನೆಯಲ್ಲಿ ತಾತನಿಗೂ ಇರಲಿಲ್ಲ.

ಸಂಚಿ ಅಂದಾಗ ಇನ್ನೊಬ್ಬರನ್ನು ಬಿಟ್ಟು ಮುಂದೆ ಹೋಗಲಾರೆ. ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಕಾಲ, ಅಂದರೆ 17ನೇ ಶತಮಾನದ ಕೊನೆ. ಯಳಂದೂರಿನ ಹುಡುಗಿ ಮೈಸೂರು ಅರಮನೆಯಲ್ಲಿ ರಾಣಿಯ ಎಲೆಯಡಿಕೆ ಸಂಚಿ ಹಿಡಿಯುವ ಕೆಲಸಕ್ಕೆ ಸೇರಿದಳು. ಅಲ್ಲೇ ಓದಿ, ಅಲ್ಲೇ ಕವಿಯಾದಳು. ಆಗಿನ ಲೆಕ್ಕದಲ್ಲಿ ದೊಡ್ಡವರು ತಮ್ಮ ಚೀಲ ತಾವು ಹಿಡಿಯುತ್ತಿರಲಿಲ್ಲ. ನಿಮ್ಮ ಚೀಲ ಹಿಡಿಯುವುದಕ್ಕೆ ಇನ್ನೊಬ್ಬರಿದ್ದಾರೆ ಅನ್ನುವುದೇ ದೊಡ್ಡಸ್ತಿಕೆ. ಈಗ ತಿರುಗುಮುರುಗು. ತಾನೇ ಹಿಡಿದು, ಮುಂಗೈ ಮೇಲೆ ನೇತುಹಾಕಿ, ನಾಲ್ಕು ಜನಕ್ಕೆ ಕಾಣಬೇಕು. ಒಂದು ತಮಾಷೆ ಗಮನಿಸಿ. ಆ ರಾಣಿಯ ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಚೀಲ ಹಿಡಿದವಳ ಹೆಸರು ಶಾಲೆ ಮಕ್ಕಳಿಗೂ ಗೊತ್ತು, ಅದೂ ಚೀಲದ ಸಮೇತ.

ಮತ್ತೆ ಬೆಲೆಗೆ ಬರೋಣ. ಜೇನ್ ಬರ್ಕಿನ್ ಹೆಸರಿನಲ್ಲೇ ಎರ್ಮೆಸ್‌ನವರು ಮಾರುವ ಬರ್ಕಿನ್ ಬ್ಯಾಗು ಅಂಗಡಿಯಲ್ಲಿ ಹೊಸದಕ್ಕೆ 10 ಸಾವಿರ ಡಾಲರಿನ ಮೇಲಾಗುತ್ತದೆ. ದುಡ್ಡು ಇದೆ ಅಂತ ಹೋಗಿ ಕೇಳಿದರೆ ಕೊಡುವುದಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಇದರ ಮೇಲೆ ಕೇಸು ಹಾಕಿದರು. ಮೊದಲು ನಮ್ಮ ಚಪ್ಪಲಿ ತಗೊಳ್ಳಿ, ಸ್ಕಾರ್ಫ್ ತಗೊಳ್ಳಿ, ಬಳೆ ತಗೊಳ್ಳಿ, ಆಮೇಲೆ ಬ್ಯಾಗಿನ ಮಾತು ಅನ್ನುತ್ತಾರೆ ಅನ್ನುವುದು ಅವರ ದೂರು. ಇದನ್ನು ಓದಿ ನಾನು ಒಬ್ಬಳೇ ಕೂತು ನಕ್ಕೆ. ನಮ್ಮ ಏರಿಯಾದ ರೇಷನ್ ಅಂಗಡಿಯಲ್ಲಿ ಸಕ್ಕರೆ ಬೇಕಾದರೆ ಎರಡು ಸೋಪು, ಒಂದು ಪೊಟ್ಟಣ ಟೀ ಪುಡಿ ತಗೊಳ್ಳಲೇಬೇಕಿತ್ತು. ಆ ಸೋಪಿನಿಂದ ನೊರೆ ಬಂದಿದ್ದನ್ನು ನಾನು ನೋಡಿಲ್ಲ. ಪ್ಯಾರಿಸ್ಸಿನವರು ಅದೇ ಉಪಾಯವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತಾರೆ ಅಂತ ಗೊತ್ತಿರಲಿಲ್ಲ. ಕೇಸು ನಿಲ್ಲಲಿಲ್ಲ, 2025ರಲ್ಲಿ ವಜಾ ಆಯಿತು. ಐದೇ ಬ್ಯಾಗು ಮಾಡಿ ಒಂದೊಂದಕ್ಕೆ 10 ಲಕ್ಷ ಡಾಲರ್ ಕೇಳಿದರೂ ಅದು ಕಂಪನಿಯ ಇಷ್ಟ ಅನ್ನುವ ಅರ್ಥದ ಮಾತನ್ನು ಜಡ್ಜ್ ವಿಚಾರಣೆಯಲ್ಲೇ ಹೇಳಿದ್ದರು.

ಬೆಲೆ ಏರಿದರೆ ಗಿರಾಕಿ ಕಮ್ಮಿ ಆಗಬೇಕು. ಮೂವತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ಇದನ್ನೇ ಕಲಿಸಿದೆ. ಟೊಮೆಟೊಗೆ ಇದು ಸರಿ. ಬ್ಯಾಗಿನ ವಿಷಯದಲ್ಲಿ ಗೆರೆ ಕೆಲವು ಸಲ ತಿರುಗಿಕೊಳ್ಳುತ್ತದೆ. 1899ರಲ್ಲೇ ಥಾರ್ಸ್ಟೈನ್ ವೆಬ್ಲೆನ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ ಇದನ್ನು ಗುರುತಿಸಿದ್ದ. ತೋರಿಸಿಕೊಳ್ಳುವುದಕ್ಕೆ ಕೊಳ್ಳುವ ವಸ್ತುವಿಗೆ ಬೆಲೆಯೇ ಒಂದು ಗುಣ. ಶನೆಲ್ ಕಂಪನಿಯ ಹೊಲಿಗೆ ಗೀರಿನ, ಸರಪಳಿ ಹಿಡಿಯ ಬ್ಯಾಗು ಗೊತ್ತಲ್ಲ? ಅದರ ನಡುಗಾತ್ರದ್ದಕ್ಕೆ ಅಮೆರಿಕದಲ್ಲಿ 2019ರಲ್ಲಿ 6 ಸಾವಿರ ಡಾಲರಿನ ಒಳಗಿತ್ತು. 2024ರ ಹೊತ್ತಿಗೆ 10 ಸಾವಿರ ದಾಟಿತ್ತು. ಬ್ಯಾಗು ಅದೇ. ಆದರೆ ಇದಕ್ಕೂ ಒಂದು ಕೊನೆ ಇದೆ. ಈಚೆಗೆ ಅಲ್ಲಿಯ ಹೆಂಗಸರೇ ‘ಸಾಕು, ಜಾಸ್ತಿ ಆಯಿತು’ ಅನ್ನುತ್ತಿದ್ದಾರೆ.

ಎಷ್ಟು ಚಿಕ್ಕ ಬ್ಯಾಗಿಗೆ ಎಷ್ಟು ದೊಡ್ಡ ಬೆಲೆ ಕೊಡಬಹುದು ಅಂತ ಪರೀಕ್ಷೆ ಮಾಡಿದವರೂ ಇದ್ದಾರೆ. ಬ್ರೂಕ್ಲಿನ್‌ನ ಕಲಾವಿದರ ಗುಂಪೊಂದು 2023ರಲ್ಲಿ ಉಪ್ಪಿನ ಹರಳಿಗಿಂತ ಚಿಕ್ಕ ಬ್ಯಾಗು ಮಾಡಿತು. ಉದ್ದ ಒಂದು ಮಿಲಿಮೀಟರ್ ಕೂಡ ಇಲ್ಲ. ನೋಡುವುದಕ್ಕೆ ಮೈಕ್ರೋಸ್ಕೋಪ್ ಬೇಕು, ಅದನ್ನೂ ಜೊತೆಗೇ ಕೊಟ್ಟರು. ಹರಾಜಿನಲ್ಲಿ ಅದು 63,750 ಡಾಲರಿಗೆ ಹೋಯಿತು. ಅರ್ಧ ಕೋಟಿ ರೂಪಾಯಿ! ಏನೂ ಹಿಡಿಸದ ಬ್ಯಾಗು. ಆ ಕಲಾವಿದರು ಗೇಲಿ ಮಾಡಿದರು, ಕೊಂಡವರು ಗಂಭೀರವಾಗಿ ದುಡ್ಡು ಎಣಿಸಿದರು.

ಇವೆಲ್ಲ ದೊಡ್ಡವರ ಮಾತಾಯಿತು. ನಡುವಿನವರದ್ದೇ ಬೇರೆ ಕಥೆ, ಅದು ನಮಗೆ ಹತ್ತಿರದ್ದು. ಇಲ್ಲಿ ಎಷ್ಟು ಜನರ ಮಕ್ಕಳು ಅಮೆರಿಕದಲ್ಲಿದ್ದಾರೆ? ನಿಮ್ಮನ್ನು ಔಟ್‌ಲೆಟ್ ಮಾಲ್‌ಗೆ ಕರೆದುಕೊಂಡು ಹೋಗಿರುತ್ತಾರೆ. ಕೋಚ್, ಕೇಟ್ ಸ್ಪೇಡ್, ಮೈಕಲ್ ಕೋರ್ಸ್ ಅಂತ ಅಂಗಡಿ ಸಾಲು. ‘ಅಮ್ಮಾ, ಅರ್ಧಕ್ಕರ್ಧ ಡಿಸ್ಕೌಂಟ್ ಇದೆ, ತಗೋ’ ಅನ್ನುತ್ತಾಳೆ ಮಗಳು. ನಾವು ಚೀಟಿ ನೋಡುತ್ತೇವೆ. ಮನಸ್ಸಿನಲ್ಲೇ ರೂಪಾಯಿಗೆ ಗುಣಿಸುತ್ತೇವೆ. ಎದೆ ಧಸಕ್ ಅನ್ನುತ್ತದೆ. ‘ಬೇಡ ಕಣೇ, ಬಣ್ಣ ಚೆನ್ನಾಗಿಲ್ಲ’ ಅನ್ನುತ್ತೇವೆ.

ಆ ಅಂಗಡಿಗಳದ್ದೇ ಒಂದು ಕೇಸು ನ್ಯೂಯಾರ್ಕಿನ ಕೋರ್ಟಿಗೆ ಬಂತು. ಕೋಚ್, ಕೇಟ್ ಸ್ಪೇಡ್ ಎರಡರ ಒಡೆತನ ಇರುವ ಕಂಪನಿ ಮೈಕಲ್ ಕೋರ್ಸ್‌ನ ಒಡೆಯ ಕಂಪನಿಯನ್ನೂ 850 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತ್ತು. ಅಲ್ಲಿಯ ಸರ್ಕಾರ ಬೇಡ ಅಂದಿತು. ಸಾಧಾರಣ ಸಂಬಳದ ಹೆಂಗಸರು ಕೈಗೆಟಕುವ ಒಳ್ಳೆ ಬ್ಯಾಗು ಕೊಳ್ಳುವುದೇ ಈ ಮೂರರಲ್ಲಿ. ಮೂರೂ ಒಬ್ಬರ ಕೈಗೆ ಹೋದರೆ ಬೆಲೆ ಏರುತ್ತದೆ, ಇದು ವಾದ. ಕೋಟು ಹಾಕಿದ ವಕೀಲರು ದಿನಗಟ್ಟಲೆ ನಿಂತು ಯಾವ ಬೆಲೆಯ ಬ್ಯಾಗು ಯಾವ ವರ್ಗದ್ದು ಅಂತ ಚರ್ಚೆ ಮಾಡಿದರು. 2024ರ ಅಕ್ಟೋಬರ್‌ನಲ್ಲಿ ಜಡ್ಜ್ ಆ ವ್ಯವಹಾರಕ್ಕೆ ತಡೆ ಹಾಕಿದರು, ಮುಂದೆ ಕಂಪನಿಗಳೂ ಕೈಬಿಟ್ಟವು. ಹೆಂಗಸರ ಬ್ಯಾಗು ಅಂದರೆ ಸುಮ್ನೆ ಶೋಕಿ ಅನ್ನುವವರಿಗೆ ನಾನು ಈ ಕೇಸು ಹೇಳುತ್ತೇನೆ. ಕೆಲಸಕ್ಕೆ ಹೋಗುವ ಹೆಂಗಸಿಗೆ ಅದು ನಡೆದಾಡುವ ಬೀರು. ಪ್ಯಾಂಟಿಗೆ ನಾಲ್ಕು ಜೇಬು ಹೊಲಿಸಿಕೊಂಡವರು ಆಡಿಕೊಳ್ಳುವುದು ಸುಲಭ.

ಈಗ ನನಗೆ ನಿಜವಾಗಿ ಹೇಳಬೇಕು ಅನ್ನಿಸಿದ್ದಕ್ಕೆ ಬರುತ್ತೇನೆ. ಎರ್ಮೆಸ್ ಕಂಪನಿ 1837ರಲ್ಲಿ ಶುರುವಾಗಿದ್ದು ಕುದುರೆಯ ಲಗಾಮು, ಸಜ್ಜು ಹೊಲಿಯುವ ಅಂಗಡಿಯಾಗಿ. ಈಗಲೂ ಎರಡು ಸೂಜಿ, ಒಂದೇ ದಾರದ ಅದೇ ಹೊಲಿಗೆ. ಒಂದು ಬ್ಯಾಗನ್ನು ಒಬ್ಬರೇ ಕೂತು ಹೊಲಿಯುತ್ತಾರೆ. 15ರಿಂದ 20 ಗಂಟೆಯ ಕೆಲಸ. ಮುಗಿದ ಮೇಲೆ ಹೊಲಿದವರ ಗುರುತಿನ ಮುದ್ರೆ ಒಳಗೆ ಬೀಳುತ್ತದೆ. ಯಾರ ಕೈಯಲ್ಲಿ ತಯಾರಾಯಿತು ಅನ್ನುವುದಕ್ಕೂ ದುಡ್ಡು, ಯಾರ ಕೈಯಲ್ಲಿ ಇತ್ತು ಅನ್ನುವುದಕ್ಕೂ ದುಡ್ಡು.

ಎಲ್ಲ ಕಡೆ ಹೀಗಿಲ್ಲ. 2024ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಪೊಲೀಸರು ಕೆಲವು ಸಣ್ಣ ವರ್ಕ್‌ಶಾಪ್‌ಗಳ ಮೇಲೆ ಬಿದ್ದರು. ಕೆಲಸದವರು ಅಲ್ಲೇ ಮಲಗಿ ಅಲ್ಲೇ ದುಡಿಯುತ್ತಿದ್ದರು. ಡಿಯೋರ್ ಕಂಪನಿಯ ಒಂದು ಬ್ಯಾಗನ್ನು ಹೊಲಿದು ಕೊಡುವುದಕ್ಕೆ ಆ ವರ್ಕ್‌ಶಾಪ್‌ಗೆ ಸಿಗುತ್ತಿದ್ದದ್ದು 53 ಯೂರೋ. ಅಂಗಡಿಯಲ್ಲಿ ಅದೇ ಬ್ಯಾಗು 2,600 ಯೂರೋ. ನಮ್ಮ ಲೆಕ್ಕದಲ್ಲಿ ನಾಲ್ಕೂಮುಕ್ಕಾಲು ಸಾವಿರ ಒಂದು ಕಡೆ, ಎರಡು ಲಕ್ಷ ಮೂವತ್ತು ಸಾವಿರ ಇನ್ನೊಂದು ಕಡೆ. ನ್ಯಾಯವಾಗಿ ಹೇಳಬೇಕು: ಚರ್ಮದ ಖರ್ಚು, ಅಂಗಡಿಯ ಬಾಡಿಗೆ, ಜಾಹೀರಾತು ಯಾವುದೂ ಆ 53ರಲ್ಲಿ ಇಲ್ಲ. ಕೋರ್ಟು ಕಂಪನಿಯ ತಯಾರಿಕಾ ಘಟಕದ ಮೇಲೆ ಉಸ್ತುವಾರಿ ಹಾಕಿತು, ವ್ಯವಸ್ಥೆ ಸರಿಪಡಿಸಿಕೊಂಡ ಮೇಲೆ ಮುಂದಿನ ವರ್ಷ ತೆಗೆಯಿತು. ಆದರೂ ಆ ಎರಡು ಅಂಕಿ ನನ್ನ ತಲೆಯಿಂದ ಹೋಗಿಲ್ಲ. ಎರಡು ಲಕ್ಷ ಕೊಟ್ಟವಳು ಕೈಕೆಲಸಕ್ಕೆ ಕೊಟ್ಟೆ ಅಂದುಕೊಂಡಿರುತ್ತಾಳೆ.

ಅವರನ್ನು ಬೈಯುವ ಮೊದಲು ನನ್ನದೂ ಕೇಳಿ. ಕೆಲವು ವರ್ಷದ ಹಿಂದೆ ಒಂದು ಕರಕುಶಲ ಮೇಳಕ್ಕೆ ಹೋಗಿದ್ದೆ. ಸಂಡೂರು ಕಡೆಯ ಲಂಬಾಣಿ ಹೆಂಗಸರು ಕೂತಿದ್ದರು. ಕನ್ನಡಿ ಚೂರು, ಕವಡೆ, ಕೆಂಪು ನೀಲಿ ದಾರ. ಒಂದು ಹೆಗಲ ಚೀಲಕ್ಕೆ 900 ಅಂದಳು ಆಕೆ. ನಾನು 500ಕ್ಕೆ ಇಳಿಸಿದೆ. ಹೊರಟವಳ ಹಾಗೆ ಎರಡು ಹೆಜ್ಜೆ ಹಾಕಿ ಮತ್ತೆ ವಾಪಸು ಬಂದೆ. ನಿಮಗೆಲ್ಲ ಗೊತ್ತಿರುವ ವಿದ್ಯೆಯೇ. ಕೊನೆಗೆ 550. ಗೆದ್ದೆ ಅಂತ ಖುಷಿ. ಅದೇ ತಿಂಗಳು ಮಾಲಿನಲ್ಲಿ 4,800ರ ಬ್ಯಾಗು ತಗೊಂಡೆ. ಅಲ್ಲಿ ಚೌಕಾಸಿ ಮಾಡಲಿಲ್ಲ. ಬಾಯಿ ತೆರೆಯುವುದಕ್ಕೇ ನಾಚಿಕೆ. ಏಸಿ ಹವಾ, ಗಾಜಿನ ಬಾಗಿಲು, ಇಂಗ್ಲಿಷಿನ ‘ಮ್ಯಾಮ್’. ಬ್ಯಾಗಿನ ಪಟ್ಟಿ ಎಂಟು ತಿಂಗಳಿಗೆ ಕಿತ್ತು ಬಂತು. ಲಂಬಾಣಿ ಚೀಲ ಇವತ್ತಿಗೂ ಇದೆ, ಒಂದು ಕನ್ನಡಿ ಉದುರಿದೆ.

ಸಂಡೂರಿನ ಆ ಕಸೂತಿಗೆ 2010ರಲ್ಲೇ ಭೌಗೋಳಿಕ ಗುರುತು, ಅಂದರೆ ಇದು ಇಂಥ ಊರಿನದೇ ಕೆಲಸ ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಆ ಹೆಂಗಸರು ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅಷ್ಟಾದರೂ ಆಕೆ 900 ಅಂದರೆ ನಮ್ಮ ನಾಲಿಗೆ 500 ಅನ್ನುತ್ತದೆ. ಚೀಲದಲ್ಲಿ ಆಕೆಯ ಹೆಸರಿಲ್ಲ. ನಾನೂ ಕೇಳಲಿಲ್ಲ.

ಹೆಸರು ಸೇರಿದರೆ ಏನಾಗುತ್ತದೆ ಅಂತ ಚಪ್ಪಲಿ ವಿಷಯದಲ್ಲಿ ನೋಡಿದೆವು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ತೋರಿಸಿದ ಚಪ್ಪಲಿ ಥೇಟ್ ಕೊಲ್ಹಾಪುರಿ. ಎಲ್ಲಿಯದು ಅಂತ ಮಾತ್ರ ಹೇಳಿರಲಿಲ್ಲ. ಕೊಲ್ಹಾಪುರಿ ಅಂದರೂ ಅದರ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಅಥಣಿಯವರ ಕೈಯೂ ಅದರಲ್ಲಿದೆ. ಗಲಾಟೆ ಆದ ಮೇಲೆ ಕಂಪನಿ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಮತ್ತು ನಮ್ಮ ರಾಜ್ಯದ ಅಂಥದ್ದೇ ನಿಗಮ ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡಿತು. ಜೋಡಿಗೆ ಸುಮಾರು 800 ಯೂರೋ ಅಂತ ಹೇಳಿದ್ದಾರೆ. ಇಲ್ಲಿ ಅದೇ ಜೋಡಿಗೆ ಸಾವಿರ ಅಂದರೆ ‘ಏಳ್ನೂರಕ್ಕೆ ಕೊಡಪ್ಪ’ ಅನ್ನುತ್ತೇವೆ.

ಇನ್ನೊಂದು ಹೇಳದೆ ಇರಲಾರೆ. ಅದೇ ವರ್ಷ ಅಮೆರಿಕದ ನಾರ್ಡ್‌ಸ್ಟ್ರಾಮ್ ಅನ್ನುವ ದೊಡ್ಡ ಅಂಗಡಿಯಲ್ಲಿ ಒಂದು ಇಂಡಿಯನ್ ಬ್ಯಾಗು 48 ಡಾಲರಿಗೆ ಇತ್ತು. 4 ಸಾವಿರ ರೂಪಾಯಿ. ಏನಪ್ಪಾ ಅಂದರೆ ನಮ್ಮ ಬಟ್ಟೆ ಚೀಲ! ಹಿಂದಿಯಲ್ಲಿ ಖಾರದ ತಿಂಡಿ ಅಂಗಡಿಯ ಹೆಸರು ಅಚ್ಚಾಗಿದೆ. ನಮ್ಮ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ಅಂಥದ್ದು ಮೂವತ್ತು ನೇತಾಡುತ್ತಿವೆ. ಎಲ್ಲವೂ ಮದುವೆ ತಾಂಬೂಲದವು. ಯಾರ್ಯಾರದೋ ಮದುವೆ, ಚಿ. ರಾ., ಚಿ. ಸೌ., ತಾರೀಖು ಎಲ್ಲ ಇದೆ. ಕೆಲವು ಜೋಡಿ ಬೇರೆಯಾಗಿದ್ದಾರೆ, ಚೀಲ ಗಟ್ಟಿಯಾಗಿದೆ.

ಕೊನೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ‘ಆಂಟಿ, ಬ್ಯಾಗ್ ಒಳ್ಳೆ ಇನ್‌ವೆಸ್ಟ್‌ಮೆಂಟ್ ಅಂತಾರಲ್ಲ?’ ಅಂದಳು. ಒಂದೆರಡು ಕಂಪನಿಯ ಒಂದೆರಡು ಬ್ಯಾಗಿಗೆ ಮಾತ್ರ ಆ ಮಾತು ಒಪ್ಪುತ್ತದೆ ತಾಯಿ, ಉಳಿದದ್ದೆಲ್ಲ ಅಂಗಡಿ ಬಾಗಿಲು ದಾಟಿದ ಕೂಡಲೇ ಹಳೇ ಸಾಮಾನು. ನಿಮ್ಮ ಅಮ್ಮನ ಬಳೆ ಹಾಗಲ್ಲ. ಇನ್ನೊಬ್ಬರು, ‘ನಮ್ಮ ದೇಶದಲ್ಲಿ ಇಂಥ ಬ್ಯಾಗು ಯಾರು ತಗೋತಾರೆ?’ ಅಂದರು. ಆದಾಯ ತೆರಿಗೆಯವರಿಗೆ ಗೊತ್ತಿದೆ. 2025ರ ಏಪ್ರಿಲ್ 22ರಿಂದ 10 ಲಕ್ಷದ ಮೇಲಿನ ಹ್ಯಾಂಡ್‌ಬ್ಯಾಗ್ ಮಾರಿದರೆ ಅಂಗಡಿಯವರೇ ಕೊಳ್ಳುವವರಿಂದ ಶೇಕಡಾ 1ರಷ್ಟು ತೆರಿಗೆ ಹಿಡಿದು ಕಟ್ಟಬೇಕು. ಕೊಳ್ಳುವವರೇ ಇಲ್ಲದಿದ್ದರೆ ಅಂಥ ನಿಯಮ ಯಾಕೆ ಬರುತ್ತದೆ?

ಕಾರ್ಯಕ್ರಮ ಮುಗಿಯಿತು, ಬೋಂಡ ಕಾಫಿ ಆಯಿತು. ಸೆರಗಿನಡಿ ಬ್ಯಾಗು ಮುಚ್ಚಿಕೊಂಡಿದ್ದವರು ಎಲ್ಲರೂ ಹೋಗುವವರೆಗೆ ಕಾದು ನನ್ನ ಹತ್ತಿರ ಬಂದರು. ‘ಮಗಳು ಕಳಿಸಿದ್ದು ಮೇಡಂ. ರೇಟು ಹೇಳ್ತಿಲ್ಲ. ಇದು ಒರಿಜಿನಲ್ಲೋ, ಕಮರ್ಷಿಯಲ್ ಸ್ಟ್ರೀಟಿನ ಫಸ್ಟ್ ಕಾಪಿಯೋ ನೋಡಿ ಹೇಳಿ’ ಅಂದರು. ತಿರುಗಿಸಿ ನೋಡಿದೆ, ಹೊಲಿಗೆ ನೋಡಿದೆ. ನನಗೆ ಗೊತ್ತಾಗಲಿಲ್ಲ. ಒಳಗೆ ಎಷ್ಟು ಜೇಬಿದೆ ಅಂತ ಕೇಳಿದೆ. ‘ಒಂದೇ. ಅದಕ್ಕೂ ಜಿಪ್ಪಿಲ್ಲ’ ಅಂದರು.

ಹೊರಗೆ ಮಳೆ ಮತ್ತೆ ಶುರುವಾಗಿತ್ತು. ಅವರು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ತಾಂಬೂಲದ ಚೀಲ ತೆಗೆದು ಕೊಡವಿದರು. ಬ್ಯಾಗನ್ನು ಅದರೊಳಗೆ ಜೋಪಾನವಾಗಿ ಇಳಿಸಿ, ಬಾಯಿ ಗಂಟು ಹಾಕಿ, ಎದೆಗವಚಿಕೊಂಡು ಆಟೋ ಕರೆದರು.